ಐಕ್ಯಾನ್‌ಗೆ ಬರುವ ವಿದ್ಯಾರ್ಥಿಗಳಿಗೆ ಮೊದಲ ಕೆಲಸ ಏನು ಕೊಡಬೇಕು?

ಪ್ರಶ್ನೆ:
ಐಕ್ಯಾನ್ ಎಂದರೆ ಇಂಟರ್ನೆಟ್‌ನ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಂಸ್ಥೆ. ಅದರ ವಿದ್ಯಾರ್ಥಿ ಕಾರ್ಯಕ್ರಮ ನೆಕ್ಸ್ಟ್‌ಜೆನ್ ಮೂಲಕ 18ರಿಂದ 30 ವರ್ಷದವರು ಬರುತ್ತಾರೆ, ಸಭೆ ಮುಗಿದ ಮೇಲೆ ಎಷ್ಟೋ ಜನ ಕಾಣುವುದೇ ಇಲ್ಲ. ಅವರನ್ನು ಉಳಿಸಿಕೊಳ್ಳುವ ಮಾರ್ಗದರ್ಶನ ಹೇಗಿರಬೇಕು?

ಉತ್ತರ 1:
ಸಂಕ್ಷೇಪಾಕ್ಷರ ಕಲಿಸುತ್ತಾ ಕೂತರೆ ಯಾರೂ ಉಳಿಯುವುದಿಲ್ಲ. ಒಂದೇ ಒಂದು ಸಾರ್ವಜನಿಕ ಅಭಿಪ್ರಾಯ ಪ್ರಕ್ರಿಯೆ (ಕರಡು ನೀತಿಯ ಬಗ್ಗೆ ಐಕ್ಯಾನ್ ಎಲ್ಲರ ಅಭಿಪ್ರಾಯ ಕೇಳುವುದು) ಆರಿಸಿಕೊಡಿ. ಅವಧಿ ಸಾಮಾನ್ಯವಾಗಿ 40 ದಿನ. ಮೊದಲ ವಾರ ಕರಡು ಓದಲಿ. ಎರಡನೆಯ ವಾರ ಒಂದು ಶಿಫಾರಸಿನ ಬಗ್ಗೆ ಮಾತ್ರ ಅರ್ಧ ಪುಟ ಬರೆಯಲಿ. ಅಭಿಪ್ರಾಯ ಸಲ್ಲಿಸುವ ನಿಮ್ಮ ಗುಂಪಿನ ಒಪ್ಪಿಗೆಗೆ ಕೊನೆಯ 10 ದಿನ ಬಿಡಿ, ಇಲ್ಲದಿದ್ದರೆ ಗಡುವು ತಪ್ಪುತ್ತದೆ. ಹಿರಿಯರು ಆ ಬರಹವನ್ನು ತಾವೇ ತಿದ್ದಿ ಬರೆಯುವುದು ದೊಡ್ಡ ತಪ್ಪು. ಅಂಚಿನಲ್ಲಿ ಪ್ರಶ್ನೆ ಕೇಳಿ, ಸಾಕು.

ಉತ್ತರ 2:
ಕನ್ನಡ ಬಲ್ಲವರಾದರೆ ಸಾರ್ವತ್ರಿಕ ಸ್ವೀಕಾರದ, ಅಂದರೆ ಯಾವ ಲಿಪಿಯ ಡೊಮೇನ್, ಇಮೇಲ್ ವಿಳಾಸವೂ ಎಲ್ಲೆಡೆ ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆಯಿಂದ ಶುರುಮಾಡಿಸಿ. ಡೊಮೇನ್‌ನ ಕೊನೆಯಲ್ಲಿ ಬರುವ ‘.ಭಾರತ’ ಕನ್ನಡ ಲಿಪಿಯಲ್ಲೇ ಇದೆ. ಹತ್ತು ಜಾಲತಾಣಗಳ ನೋಂದಣಿ ಫಾರಂಗಳಲ್ಲಿ ಅಂಥ ಇಮೇಲ್ ವಿಳಾಸ ಹಾಕಿ ನೋಡಲಿ. ತಿರಸ್ಕಾರವಾದರೆ ಕಾರಣ ಹೆಚ್ಚಾಗಿ ಎರಡು: ಫಾರಂ ಲ್ಯಾಟಿನ್ ಅಕ್ಷರಗಳನ್ನಷ್ಟೇ ಒಪ್ಪುತ್ತದೆ, ಅಥವಾ ಡೊಮೇನ್‌ನ ಕೊನೆಯ ಭಾಗ ಇಷ್ಟೇ ಅಕ್ಷರ ಇರಬೇಕೆಂದು ಮಿತಿ ಹಾಕಿದೆ. ಫಾರಂ ಒಪ್ಪಿದರೂ, ದಾರಿಯ ಮೇಲ್ ಸರ್ವರ್ ಆರ್‌ಎಫ್‌ಸಿ 6531 (ಲ್ಯಾಟಿನ್ ಅಲ್ಲದ ಲಿಪಿಯ ಇಮೇಲ್ ವಿಳಾಸಗಳಿಗೆ ಅವಕಾಶ ಕೊಡುವ ತಾಂತ್ರಿಕ ಮಾನದಂಡ) ಬೆಂಬಲಿಸದಿದ್ದರೆ ಕನ್ನಡ ಹೆಸರಿನ ವಿಳಾಸಕ್ಕೆ ಪತ್ರ ತಲುಪದು. ಪ್ರತಿ ವೈಫಲ್ಯಕ್ಕೂ ತೆರೆಚಿತ್ರ, ದಿನಾಂಕ, ನಮೂದಿಸಿದ ವಿಳಾಸ ದಾಖಲಾಗಬೇಕು. ಆ ವರದಿ ಹಿಡಿದು ಸಭೆಗೆ ಹೋದವರಿಗೆ ಮಾತಾಡಲು ವಿಷಯ ಇರುತ್ತದೆ, ಅದೇ ನನಗೆ ಮುಖ್ಯ.

ಉತ್ತರ 3:
ಒಂದು ಎಚ್ಚರಿಕೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಕಾಣದ ಶೂನ್ಯ-ಅಗಲದ ಅಕ್ಷರ ಬೇಕು. ಮೂಲ ವಲಯದ (‘.ಭಾರತ’ದಂಥ ಕೊನೆಯ ಭಾಗಗಳ ಪಟ್ಟಿಯ) ಕನ್ನಡ ನಿಯಮಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಪರೀಕ್ಷೆಗೆ ಅಂಥ ಹೆಸರು ಆರಿಸಿದರೆ ದೋಷ ಎಲ್ಲಿದೆಯೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ‘ಕನ್ನಡ’, ‘ಮರ’ದಂಥ ಪದ ಬಳಸಿ.