ನೋಂದಣಿ ಮುಗಿಯುತ್ತಿದೆ: ಮಕ್ಕಳನ್ನು ಮನೆಗೆ ಕಳುಹಿಸಿಬಿಡಬಹುದೇ?

ಪ್ರಶ್ನೆ: ಯಲಹಂಕದ ಹತ್ತಿರ ನಮ್ಮ ಟ್ರಸ್ಟ್ ನಡೆಸುವ ಮಕ್ಕಳ ಪಾಲನಾ ಸಂಸ್ಥೆಯ ನೋಂದಣಿ ಅವಧಿ ಮುಗಿಯುತ್ತಾ ಬಂದಿದೆ. ಪರಿಶೀಲನೆಗೆ ಬಂದವರು ಮಲಗುವ ಜಾಗ ಸಾಲದು ಎಂದರು. ಬಹುತೇಕ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇದ್ದಾರೆ. ಅವರಿಗೆ ಒಪ್ಪಿಸಿ ಬಾಗಿಲು ಹಾಕೋಣ ಎನ್ನುತ್ತಾರೆ ಕೆಲವು ಟ್ರಸ್ಟಿಗಳು. ಅನುಭವ ಇರುವವರು ತಿಳಿಸಿ.

ಆಪ್ತ ಸಮಾಲೋಚಕಿ, ಜಯನಗರ: ನೀವಾಗಿಯೇ ಒಪ್ಪಿಸುವಂತಿಲ್ಲ ಸರ್. ಮಗು ಬರುವುದೂ ಹೋಗುವುದೂ ಮಕ್ಕಳ ಕಲ್ಯಾಣ ಸಮಿತಿಯ (ಆಸರೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಅಧಿಕಾರವಿರುವ ಸಮಿತಿ) ಆದೇಶದ ಮೇಲೆಯೇ. ಯಾರೋ ಪರಿಚಯದವರು ಬಿಟ್ಟುಹೋದರೆಂದು ಆದೇಶವಿಲ್ಲದೆ ಸೇರಿಸಿಕೊಂಡ ಮಕ್ಕಳಿದ್ದರೆ ಮೊದಲು ಅವರನ್ನು ಸಮಿತಿಯ ಮುಂದೆ ಹಾಜರುಪಡಿಸಿ. ನಾನು ಹಿಂದೆ ಇದ್ದ ಸಂಸ್ಥೆಯೊಂದು ಬೇಸಿಗೆ ರಜೆಗೆ ಹೋದ ಮಕ್ಕಳ ಮನೆಗೆ ಫೋನ್ ಮಾಡಿ, ಇನ್ನು ಕಳುಹಿಸಬೇಡಿ ಎಂದು ಕೈತೊಳೆದುಕೊಂಡಿತು. ಒಬ್ಬ ಹುಡುಗಿಯ ವರ್ಗಾವಣೆ ಪತ್ರ ಹಳೆಯ ಶಾಲೆಯಲ್ಲೇ ಉಳಿಯಿತು. ತಾಯಿ ಗಾರೆ ಕೆಲಸಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳುವುದು ಅವಳ ಪಾಲಿಗೆ ಬಂತು. ಕಡತದಲ್ಲಿ ಮಾತ್ರ ಅದು ಪುನರ್ವಸತಿ!

ಮನೆಗೆ ಮರಳಿಸುವುದಕ್ಕೆ ನನ್ನ ವಿರೋಧವಿಲ್ಲ. ಬಡತನವೊಂದೇ ಕಾರಣವಾಗಿದ್ದರೆ ಮಗು ತಾಯಿಯ ಬಳಿಯೇ ಇರಬೇಕು. 2015ರ ಬಾಲನ್ಯಾಯ ಕಾಯ್ದೆಗೂ ಸಂಸ್ಥೆ ಎಂಬುದು ಕೊನೆಯ ದಾರಿಯೇ. ಆದರೆ ಬರಿಗೈಯಲ್ಲಿ ಕಳುಹಿಸಬೇಡಿ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ತಂದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಮನೆಯಲ್ಲೇ ಬೆಳೆಯುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ನಗರದ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 96,000 ರೂಪಾಯಿ. (ಬೆಂಗಳೂರಿನ ಬಾಡಿಗೆ ಕಟ್ಟಿದವರು ಯಾರೂ ಈ ಮಿತಿಯನ್ನು ಬರೆದಿರಲಾರರು.) ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಗು ಹೊರಡುವ ಮುನ್ನವೇ ಅರ್ಜಿ ಕೊಡಿಸಿ. ಆಮೇಲೆ ಆ ತಾಯಿ ಕೂಲಿ ಬಿಟ್ಟು ಕಚೇರಿಗೆ ಅಲೆಯುವುದು ಆಗದ ಮಾತು.

ಟ್ರಸ್ಟಿ, ಕೆಂಗೇರಿ: ನಾವು ಮುಚ್ಚಲಿಲ್ಲ, ಮಕ್ಕಳ ಸಂಖ್ಯೆ ಇಳಿಸಿದೆವು. ಬಾಲನ್ಯಾಯ ಕಾಯ್ದೆಯಡಿ ಬಂದ 2016ರ ಮಾದರಿ ನಿಯಮಗಳಂತೆ ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರ ಅಡಿ ಬೇಕು. 7 ಮಕ್ಕಳಿಗೆ ಒಂದು ಶೌಚಾಲಯ, 10 ಮಕ್ಕಳಿಗೆ ಒಂದು ಸ್ನಾನದ ಕೋಣೆ. ನೀವೇ ಟೇಪು ಹಿಡಿದು ಅಳೆಯಿರಿ. ಕಾಯ್ದೆಯ 2021ರ ತಿದ್ದುಪಡಿಯ ನಂತರ, ಎಷ್ಟು ಮಕ್ಕಳನ್ನು ಇಟ್ಟುಕೊಳ್ಳಬಹುದು ಎಂಬುದನ್ನು ಸರ್ಕಾರ ಜಿಲ್ಲಾಧಿಕಾರಿಯ ಶಿಫಾರಸು ನೋಡಿ ನೋಂದಣಿಯಲ್ಲೇ ದಾಖಲಿಸುತ್ತದೆ. ಕಡತ ಓಡಾಡುವುದಕ್ಕೆ ಸಮಯ ಹಿಡಿಯುತ್ತದೆ, ಬೇಗ ಅರ್ಜಿ ಹಾಕಿ. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ.

ಇಂಥದೇ ಸಂಸ್ಥೆಯಲ್ಲಿ ಬೆಳೆದವನು, ಪೀಣ್ಯ: ಹತ್ತನೇ ತರಗತಿಯವರನ್ನು ಪರೀಕ್ಷೆ ಮುಗಿಯುವವರೆಗೆ ಕದಲಿಸಬೇಡಿ ಎಂದು ಸಮಿತಿಗೆ ಬರೆದುಕೊಡಿ. ಒಡಹುಟ್ಟಿದವರನ್ನು ಬೇರೆ ಬೇರೆ ಕಡೆ ಹಾಕದಂತೆಯೂ ಕೇಳಿಕೊಳ್ಳಿ. 18 ತುಂಬುತ್ತಿರುವವರಿಗೆ ಅನುಪಾಲನಾ ಸೇವೆ, ಅಂದರೆ ಸಂಸ್ಥೆಯಿಂದ ಹೊರಬಂದ ಮೇಲೆ ಸ್ವಂತ ಕಾಲ ಮೇಲೆ ನಿಲ್ಲಲು ಕೊಡುವ ನೆರವು, 21ರವರೆಗೂ ಸಿಗಬಹುದು. ನಮಗೆ ಅದನ್ನು ಯಾರೂ ಹೇಳಿರಲಿಲ್ಲ.