ಸುಪ್ತ ಕ್ಯಾನ್ಸರ್ ಕೋಶಗಳ ಸಂಶೋಧನೆಯನ್ನೇ ವೃತ್ತಿಯಾಗಿ ಆರಿಸಿಕೊಳ್ಳಬಹುದೇ?

ಪ್ರಶ್ನೆ: ಆಳಂದ ತಾಲ್ಲೂಕಿನ ವಿದ್ಯಾರ್ಥಿನಿ

ನಾನು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ದೊಡ್ಡವ್ವ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕೀಮೋ ಎಲ್ಲ ಮುಗಿಸಿ ಒಂಬತ್ತು ವರ್ಷ ಆರಾಮವಾಗಿದ್ದರು. ಕಳೆದ ಶ್ರಾವಣದಲ್ಲಿ ಬೆನ್ನುನೋವೆಂದು ಕಲಬುರಗಿಗೆ ಕರೆದೊಯ್ದಾಗ, ಅದೇ ಕ್ಯಾನ್ಸರ್ ಬೆನ್ನೆಲುಬಿನಲ್ಲಿದೆ ಎಂದರು. ಇಷ್ಟು ವರ್ಷ ಆ ಕೋಶಗಳು ಎಲ್ಲಿದ್ದವು, ಏನು ಮಾಡುತ್ತಿದ್ದವು? ಇದರಲ್ಲೇ ಪಿಎಚ್‌.ಡಿ. ಮಾಡಬೇಕೆಂಬ ಆಸೆಯಿದೆ, ಮನೆಯವರು ಬಿ.ಎಡ್. ಮಾಡು ಎನ್ನುತ್ತಾರೆ. ಒಬ್ಬರು ಇಡೀ ವೃತ್ತಿಜೀವನ ಕೊಡುವಷ್ಟು ಕೆಲಸ ಇದರಲ್ಲಿ ಇದೆಯೇ?

ಉತ್ತರ 1: ಹುಮನಾಬಾದಿನವನು, ಈಗ ಹೊರರಾಜ್ಯದ ಪ್ರಯೋಗಾಲಯದಲ್ಲಿ

ತಂಗೀ, ಕೆಲಸಕ್ಕೆ ಬರವಿಲ್ಲ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಅವರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಮರಣೋತ್ತರ ದಾಖಲೆಗಳನ್ನು ನೋಡಿ, ಗಡ್ಡೆಗಳು ಯಕೃತ್ತಿನಲ್ಲಿ ಹೆಚ್ಚು, ಗುಲ್ಮದಲ್ಲಿ ತೀರ ಕಡಿಮೆ ಇರುವುದನ್ನು ಗಮನಿಸಿ, ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಬೆಳೆಯುತ್ತದೆ ಎಂದು ವಾದಿಸಿದರು. ಬಿದ್ದ ಬೀಜ ಸಾಯದೆ, ಮೊಳೆಯದೆ ವರ್ಷಗಟ್ಟಲೆ ಹೇಗೆ ಇರುತ್ತದೆ ಎಂಬ ಪ್ರಶ್ನೆಗೆ ಪ್ರಯೋಗದ ದಾರಿ ಸಿಗಲು ಮಾತ್ರ ಬಹಳ ಕಾಲ ಹಿಡಿಯಿತು.

ಈ ಪ್ರಶ್ನೆಯ ಹಿಂದೆಯೇ ನಡೆದವರಲ್ಲಿ ಹೂಲಿಯೊ ಅಗಿರ್ರೆ ಗಿಸೊ ಒಬ್ಬರು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಪಿಎಚ್‌.ಡಿ. ಮುಗಿಸಿ, ನ್ಯೂಯಾರ್ಕಿನಲ್ಲಿ ಲಿಲಿಯಾನಾ ಒಸೋವ್ಸ್ಕಿ ಅವರ ಪ್ರಯೋಗಾಲಯ ಸೇರಿದರು. ಕ್ಯಾನ್ಸರ್ ಕೋಶದ ಮೇಲ್ಮೈಯಲ್ಲಿದ್ದು ಯುರೊಕೈನೇಸ್ ಎಂಬ ಕಿಣ್ವವನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನನ್ನು ಕಡಿಮೆ ಮಾಡಿದರೆ ಆ ಕೋಶ ಕೋಳಿಯ ಭ್ರೂಣದ ಪೊರೆಯ ಮೇಲೆ ಸಾಯದೆ, ಆದರೆ ಬೆಳೆಯದೆ ಉಳಿಯುತ್ತದೆ ಎಂಬುದು ಅಲ್ಲಿ ಕಂಡದ್ದು. ಕೋಶದೊಳಗೆ ಇಆರ್‌ಕೆ ಎಂಬ ಪ್ರೋಟೀನಿನ ಸಂಕೇತ ಮೇಲಾದರೆ ವಿಭಜನೆ, ಪಿ38 ಎಂಬ ಪ್ರೋಟೀನಿನದು ಮೇಲಾದರೆ ನಿದ್ರೆ ಎಂಬ ತಕ್ಕಡಿಯನ್ನು ಅವರು ಮುಂದೆ ತೋರಿಸಿದರು. ನಿದ್ರೆಯನ್ನು ಕಾಯುವ ಎನ್‌ಆರ್‌2ಎಫ್‌1 ಎಂಬ ಜೀನಿನ ವಿಷಯ ಆಮೇಲೆ ಬಂತು. ಆ ಕೋಶಗಳನ್ನು ಕೊಲ್ಲಬೇಕೆ, ಎಬ್ಬಿಸದೆ ಹಾಗೇ ಇಡಬೇಕೆ ಎಂಬ ವಾದ ಇಂದಿಗೂ ಮುಗಿದಿಲ್ಲ. ನನ್ನ ಒಲವು ಎರಡನೆಯದರ ಕಡೆಗಿದೆ. ಪಕ್ಕದ ಮೇಜಿನವರು ಒಪ್ಪುವುದಿಲ್ಲ.

ಇಲಿಯಲ್ಲಿ ನಿದ್ರಿಸುವ ಕೋಶವನ್ನು ಕಾಯುವ ಪ್ರಯೋಗಕ್ಕೆ ತಿಂಗಳುಗಳು ಬೇಕು. ಎಷ್ಟೋ ಸಲ ನೋಡಿದಾಗ ಏನೂ ಇರುವುದಿಲ್ಲ, ಅದು ಫಲವೋ ಸೋಲೋ ಎಂದೂ ತಿಳಿಯುವುದಿಲ್ಲ. ಬೇಗ ಲೇಖನ ಬರಬೇಕೆನ್ನುವವರಿಗೆ ಈ ವಿಷಯ ಒಗ್ಗದು.

ಉತ್ತರ 2: ಕಲಬುರಗಿಯ ವೈದ್ಯೆ

ಕೀಮೋ ಮುಖ್ಯವಾಗಿ ವಿಭಜಿಸುತ್ತಿರುವ ಕೋಶಗಳನ್ನು ಹೊಡೆಯುತ್ತದೆ. ನಿಂತ ಕೋಶ ಅದರ ಕಣ್ಣಿಗೆ ಬೀಳುವುದಿಲ್ಲ, ನಮ್ಮ ಸ್ಕ್ಯಾನಿಗೂ ಬೀಳುವುದಿಲ್ಲ. ಹಾರ್ಮೋನ್ ಗ್ರಾಹಕವಿರುವ ಸ್ತನ ಕ್ಯಾನ್ಸರಿನಲ್ಲಿ, ಐದು ವರ್ಷ ಹಾರ್ಮೋನ್ ತಡೆಯುವ ಮಾತ್ರೆ ತೆಗೆದುಕೊಂಡು ನಿಲ್ಲಿಸಿದವರಲ್ಲೂ 20ನೆಯ ವರ್ಷದವರೆಗೆ ರೋಗ ಮರುಕಳಿಸುತ್ತಲೇ ಇತ್ತೆಂದು 62,923 ಮಹಿಳೆಯರ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಆದ್ದರಿಂದ ನಿಮ್ಮ ದೊಡ್ಡವ್ವನವರು ಯಾವುದೋ ಪಥ್ಯ ತಪ್ಪಿಸಿದ್ದಕ್ಕೆ ಹೀಗಾಯಿತೆಂದು ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರೆ, ದಯವಿಟ್ಟು ಹೇಳಗೊಡಬೇಡಿ.

ಉತ್ತರ 3: ಶಹಾಪುರದ ಕೃಷಿ ಪದವೀಧರ

ಬೀಜದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಜೋಳದ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಎಂಬ ಕಸದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಹತ್ತಿರ ಬಂದ ಜೋಳದ ಬೇರು ಒಸರುವ ರಾಸಾಯನಿಕ ತಾಗಿದ ಮೇಲೆಯೇ ಮೊಳೆಯುತ್ತದೆ. ಹಾಗೆ ಎಬ್ಬಿಸುವಂಥದ್ದು ದೇಹದಲ್ಲೂ ಇದೆಯೇ?

ಉತ್ತರ 4: ಹುಮನಾಬಾದಿನವನು

ಇದೆ, ಸರ್. ತಂಬಾಕಿನ ಹೊಗೆಯಿಂದ ಇಲಿಯ ಶ್ವಾಸಕೋಶದಲ್ಲಿ ಉರಿಯೂತವಾದಾಗ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಚೆಲ್ಲುತ್ತವೆ. ಆ ಬಲೆಗೆ ಅಂಟಿದ ಕಿಣ್ವಗಳು ಸುತ್ತಲಿನ ಲ್ಯಾಮಿನಿನ್ ಪ್ರೋಟೀನನ್ನು ಕತ್ತರಿಸಿದಾಗ ಮಲಗಿದ್ದ ಕೋಶ ಏಳುತ್ತದೆ ಎಂದು 2018ರಲ್ಲಿ ತೋರಿಸಲಾಯಿತು. ನಿಮ್ಮ ಹೋಲಿಕೆಯನ್ನು ನಮ್ಮ ಪ್ರಯೋಗಾಲಯದ ಸಭೆಯಲ್ಲಿ ಹೇಳುತ್ತೇನೆ.

ತಂಗೀ, ಮೊದಲು ಸಿಎಸ್‌ಐಆರ್ ನೆಟ್ ಅರ್ಹತಾ ಪರೀಕ್ಷೆ ಬರೆಯಿರಿ. ನವಿ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆ್ಯಕ್ಟ್ರೆಕ್, ಬೆಂಗಳೂರಿನ ಐಐಎಸ್‌ಸಿಗಳಲ್ಲಿ ಕ್ಯಾನ್ಸರ್ ಹರಡುವಿಕೆಯ ಮೇಲೆ ಕೆಲಸ ಮಾಡುವ ಗುಂಪುಗಳಿವೆ. ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಬಿ.ಎಡ್. ಮಾತು ಬಂದಾಗ ಈ ಅಂಕಿಯನ್ನೂ ಮನೆಯಲ್ಲಿ ಹೇಳಿ ನೋಡಿ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಧನ್ಯವಾದ. ಪಥ್ಯದ ಮಾತು ನಮ್ಮ ಮನೆಯಲ್ಲೂ ಇತ್ತು, ಮೇಡಂ. ನಿಮ್ಮ ಉತ್ತರವನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು.