ದಪ್ಪ ಮೈಯ ಹೆಂಗಸರಿಗೆ ಸೈಕ್ಲಿಂಗ್ ಬಟ್ಟೆ ಎಲ್ಲಿ ಸಿಗುತ್ತದೆ?

ಸುಮಾ, ಯಲಹಂಕ:
ಎಲ್ಲರಿಗೂ ನಮಸ್ಕಾರ. ನನ್ನ ಸೊಂಟ 42 ಇಂಚು, ಹಿಪ್ 50, ತೊಡೆ 29. ಭಾನುವಾರಗಳಲ್ಲಿ ದೇವನಹಳ್ಳಿ ಕಡೆಯಿಂದ ನಂದಿ ಬೆಟ್ಟದ ಬುಡದ ತನಕ ಸೈಕಲ್ ಹೊಡೆಯುತ್ತೇನೆ. ಈ ವರ್ಷ ಮೇಲಿನ 8 ಕಿಲೋಮೀಟರ್ ಏರನ್ನೂ ಹತ್ತಬೇಕು ಅಂತ ಆಸೆ. ಕಾಲಿಗೆ ಶಕ್ತಿ ಇದೆ, ಬಟ್ಟೆ ಇಲ್ಲ. ಕೂರುವ ಕಡೆ ಮೆತ್ತೆ ಇರುವ ಲೇಡೀಸ್ ಪ್ಯಾಡೆಡ್ ಶಾರ್ಟ್ಸ್ ನಾನು ನೋಡಿದ ಅಂಗಡಿಗಳಲ್ಲೆಲ್ಲ ಎಕ್ಸ್‌ಎಲ್‌ಗೆ ಮುಗಿದುಹೋಗುತ್ತದೆ. ಒಂದು ಕಡೆ "ಜೆಂಟ್ಸ್ ಸೆಕ್ಷನ್ ನೋಡಿ ಮೇಡಂ" ಅಂದರು. ಜೆಂಟ್ಸ್ 3ಎಕ್ಸ್‌ಎಲ್ ತಂದೆ. ಸೊಂಟದಲ್ಲಿ ಸಡಿಲ, ತೊಡೆಯಲ್ಲಿ ಬಿಗಿ. ಕಾಲಿನ ತುದಿಯ ಸಿಲಿಕಾನ್ ಪಟ್ಟಿ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ, ತೊಡೆ ಉಜ್ಜಿ ಗಾಯವಾಗುತ್ತದೆ. ಗೊತ್ತಿದ್ದವರು ದಾರಿ ಹೇಳಿ. ತೂಕ ಇಳಿಸುವ ಸಲಹೆ ಮಾತ್ರ ಬೇಡ.

ಬ್ರೆವೆ ರವಿ:
ಸುಮಾ ಅವರೇ, ಶಾರ್ಟ್ಸ್ ಬಿಡಿ, ಜೆಂಟ್ಸ್ ಬಿಬ್ ತೊಗೊಳ್ಳಿ. ಹೆಗಲ ಮೇಲೆ ಪಟ್ಟಿ ಬರುತ್ತದಲ್ಲ, ಅದು. ಸೊಂಟಕ್ಕೆ ಎಲಾಸ್ಟಿಕ್ ಇಲ್ಲ. ಬಗ್ಗಿ ಕೂತಾಗ ಹೊಟ್ಟೆ ಒತ್ತುವುದಿಲ್ಲ, ಕೆಳಗೆ ಜಾರುವುದೂ ಇಲ್ಲ. 200 ಕಿಲೋಮೀಟರ್ ಬ್ರೆವೆಗೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಹದಿಮೂರೂವರೆ ಗಂಟೆ ಸಮಯ ಇರುತ್ತದೆ. ಅಷ್ಟು ಹೊತ್ತು ಸೀಟಿನ ಮೇಲೆ ಇರುವವರಲ್ಲಿ ಜಾಸ್ತಿ ಜನ ಬಿಬ್ಬನ್ನೇ ಹಾಕುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ 4ಎಕ್ಸ್‌ಎಲ್ ಕೂಡ ಸಿಕ್ಕಿದೆ. ಲೇಡೀಸೇ ಬೇಕು ಅಂತ ಕಾಯುತ್ತಾ ಕೂತರೆ ಬೆಟ್ಟ ಹತ್ತುವುದು ಯಾವಾಗ?

ಶಾಲಿನಿ, ಮೈಸೂರು:
ರವಿ ಸರ್, ನೀವು ಹೇಳಿದ ಬಿಬ್‌ನಲ್ಲಿ ನಮಗೆ ಎರಡು ತೊಂದರೆ ಇವೆ.

ಮೊದಲನೆಯದು ಪ್ಯಾಡ್. ನಾವು ಸೀಟಿನ ಮೇಲೆ ಕೂರುವುದು ಎರಡು ಮೂಳೆಗಳ ಮೇಲೆ. ಹೆಂಗಸರಲ್ಲಿ ಆ ಎರಡರ ನಡುವಿನ ಅಂತರ ಸಾಮಾನ್ಯವಾಗಿ ಜಾಸ್ತಿ. ಅದಕ್ಕೇ ಲೇಡೀಸ್ ಪ್ಯಾಡ್ ಹಿಂದೆ ಅಗಲ ಇರುತ್ತದೆ. ಜೆಂಟ್ಸ್ ಪ್ಯಾಡ್‌ನಲ್ಲಿ ಮೂಳೆ ಪ್ಯಾಡಿನ ಅಂಚಿನ ಮೇಲೆ ಬಂದು ಕೂರುತ್ತದೆ, ಮುಂದಿನ ಉಬ್ಬು ಬೇಡದ ಕಡೆ ಒತ್ತುತ್ತದೆ. ಗಂಟೆಗಟ್ಟಲೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ. ಅಲ್ಲಿ ಕೂದಲ ಬುಡ ಕೆಂಪಾಗಿ ಗುಳ್ಳೆ ಎದ್ದರೆ ವಾರಗಟ್ಟಲೆ ಸೈಕಲ್ ಮುಟ್ಟುವ ಹಾಗಿಲ್ಲ.

ಎರಡನೆಯದು ಟಾಯ್ಲೆಟ್. ಗಂಡಸರು ಬಿಬ್‌ನ ಮುಂಭಾಗ ಕೆಳಗೆಳೆದರೆ ಆಯಿತು. ನಾವು ಜೆರ್ಸಿ ಪೂರ್ತಿ ಬಿಚ್ಚಿ, ಹೆಗಲ ಪಟ್ಟಿ ಇಳಿಸಿ, ಒದ್ದೆ ನೆಲಕ್ಕೆ ಏನೂ ತಾಗದ ಹಾಗೆ ಹಿಡಿದುಕೊಂಡಿರಬೇಕು. ಮೈಸೂರು ರಸ್ತೆಯಲ್ಲಿ ಚಿಲಕ ಇಲ್ಲದ ಬಾಗಿಲ ಹಿಂದೆ ಇದನ್ನು ಮಾಡಿ ನೋಡಿ. ಎಷ್ಟೋ ಹೆಂಗಸರು ಅದಕ್ಕೆ ಹೆದರಿ ನೀರನ್ನೇ ಕುಡಿಯುವುದಿಲ್ಲ. ಹಿಂದೆ ಕ್ಲಿಪ್ ಅಥವಾ ಝಿಪ್ ಬಿಚ್ಚಿ ಇಳಿಸುವ ಲೇಡೀಸ್ ಬಿಬ್‌ಗಳಿವೆ. ಆದರೆ ಅವು ಸುಮಾ ಅವರ ಸೈಜಿಗೆ ಇಲ್ಲಿನ ಅಂಗಡಿಗಳಲ್ಲಿ ನನಗಂತೂ ಕಂಡಿಲ್ಲ.

ಗಿರೀಶ, ಶಿರಸಿ:
ಅಷ್ಟಕ್ಕೂ ಲೈಕ್ರಾ ಯಾಕೆ ಬೇಕು? ನಮ್ಮೂರಲ್ಲಿ ಹೆಂಗಸರು ಸಲ್ವಾರ್, ನೈಟ್ ಪ್ಯಾಂಟ್ ಹಾಕಿಕೊಂಡೇ ಸೈಕಲ್ ಹೊಡೆಯುತ್ತಾರೆ. ಕಂಪನಿಗಳು ಹೊಸ ಹೊಸ ಅಗತ್ಯ ಹುಟ್ಟಿಸುತ್ತವೆ, ಸಿಗಲಿಲ್ಲ ಅಂತ ನಾವು ಕೊರಗುತ್ತೇವೆ.

ನಾಗವೇಣಿ, ದಾವಣಗೆರೆ:
ಗಿರೀಶಣ್ಣ, ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಸೈಕಲ್ ಹೊಡೆದು ಬೆಳೆದವಳು ನಾನು. ಯೂನಿಫಾರಂ ಚೂಡಿದಾರದಲ್ಲೇ ಹೋಗುತ್ತಿದ್ದೆವು, ವೇಲ್ ಚಕ್ರಕ್ಕೆ ಸಿಗದ ಹಾಗೆ ಸೊಂಟಕ್ಕೆ ಬಿಗಿದುಕೊಂಡು. ಆ ದಾರಿಗೆ ಅದು ಸಾಕಿತ್ತು. ಸೀಟು ಅಗಲ, ಕೂರುವುದು ನೆಟ್ಟಗೆ, ಶಾಲೆ ಮುಟ್ಟಿದರೆ ಇಳಿಯುವುದು.

ಈಗ ನನ್ನದು ರೋಡ್ ಬೈಕ್, ಸಪೂರ ಸೀಟು, ಮುಂದಕ್ಕೆ ಬಗ್ಗಿ ಕೂರಬೇಕು. ಸಲ್ವಾರಿನ ಹೊಲಿಗೆಗಳೆಲ್ಲ ಬಂದು ಸೇರುವ ಜಾಗವೇ ಸೀಟಿನ ಮೇಲೆ ಬರುತ್ತದೆ. ಕಾಟನ್ ಬೆವರು ಕುಡಿದು ಹಾಗೇ ಒದ್ದೆಯಾಗಿ ಉಳಿಯುತ್ತದೆ. ತೆಳ್ಳಗಿನವರಿಗೆ ಇದು ಕಿರಿಕಿರಿ ಇರಬಹುದು. ತೊಡೆಗೆ ತೊಡೆ ತಾಗುವ ನನ್ನಂಥವರಿಗೆ ಪ್ರತಿ ಪೆಡಲಿಗೂ ಉಜ್ಜುತ್ತದೆ. ತೆಳ್ಳಗಿನವರಿಗಿಂತ ನಮಗೇ ಒಳ್ಳೆ ಬಟ್ಟೆ ಹೆಚ್ಚು ಬೇಕು, ನಮಗೇ ಮಾಡುವುದಿಲ್ಲ. ನನ್ನ ಸಿಟ್ಟು ಇದು.

ಲತಾ, ಲೀಡ್ಸ್:
ನಾಗವೇಣಿ ಹೇಳಿದ್ದು ನಿಜ. 1894ರಲ್ಲಿ ಬಾಸ್ಟನ್‌ನಿಂದ ಆನಿ ಲಂಡನ್‌ಡೆರಿ ಎಂಬಾಕೆ ಪ್ರಪಂಚ ಸುತ್ತಲು ಸೈಕಲ್ ಮೇಲೆ ಹೊರಟಳು. ಮೈಮೇಲೆ ಉದ್ದ ಲಂಗ, ಕೆಳಗೆ ಭಾರದ ಸೈಕಲ್. ಚಿಕಾಗೋ ಮುಟ್ಟುವಷ್ಟರಲ್ಲಿ ಎರಡೂ ಆಗದು ಅಂತ ಗೊತ್ತಾಗಿ ಬ್ಲೂಮರ್ಸ್ ಎಂಬ ಸಡಿಲ ಪ್ಯಾಂಟಿಗೂ ಹಗುರ ಸೈಕಲ್‌ಗೂ ಬದಲಾದಳು. ಆಗ ಯಾವ ಕಂಪನಿಯೂ ಅವಳಿಗೆ ಅಗತ್ಯ ಹುಟ್ಟಿಸಿರಲಿಲ್ಲ. ದಾರಿಯೇ ಹೇಳಿಕೊಟ್ಟಿತು.

ಸುಮಾ, ಇಲ್ಲಿಯ ವಿಷಯ ಹೇಳುತ್ತೇನೆ. ಯಾರ್ಕ್‌ಶೈರ್‌ನಲ್ಲಿ ಶುರುವಾದ 'ಫ್ಯಾಟ್ ಲ್ಯಾಡ್ ಅಟ್ ದ ಬ್ಯಾಕ್' ದಪ್ಪ ಮೈಯವರಿಗೆಂದೇ ಹುಟ್ಟಿದ ಸೈಕ್ಲಿಂಗ್ ಬಟ್ಟೆಯ ಬ್ರ್ಯಾಂಡ್, ಹೆಂಗಸರಿಗೂ ಹೊಲಿಸಿದೆ. ಅಮೆರಿಕದಲ್ಲಿ ಜಾರ್ಜಿನಾ ಟೆರಿ 1985ರಲ್ಲಿ ಹೆಂಗಸರ ಸೈಕಲ್‌ಗಾಗಿ ಶುರು ಮಾಡಿದ 'ಟೆರಿ' ಬಟ್ಟೆಯನ್ನೂ ಮಾಡುತ್ತದೆ, ಪ್ಲಸ್ ಸೈಜ್ ಇದೆ. ಪಿಟ್ಸ್‌ಬರ್ಗ್ ಹತ್ತಿರ ಹೊಲಿಯುವ 'ಏರೋ ಟೆಕ್ ಡಿಸೈನ್ಸ್'ನಲ್ಲೂ ದೊಡ್ಡ ಸೈಜುಗಳಿವೆ. ಇಟಲಿ ಕಂಪನಿಗಳ ಎಕ್ಸ್‌ಎಲ್ ನಂಬಬೇಡಿ, ತುಂಬ ಚಿಕ್ಕದು. ಎಕ್ಸ್ ಎಷ್ಟಿವೆ ಅಂತ ಲೆಕ್ಕ ಹಾಕುವುದಕ್ಕಿಂತ ಇಂಚಿನ ಪಟ್ಟಿ ನೋಡಿ ಕೊಳ್ಳಿ. 'ರೇಸ್ ಫಿಟ್' ಅಂತ ಇದ್ದರೆ ಬಿಟ್ಟುಬಿಡಿ, ಅದು ಮೈಗೆ ತೀರ ಬಿಗಿಯಾದ ಕಟ್. ಊರಿಗೆ ಬರುವವರ ಕೈಲಿ ತರಿಸಿಕೊಂಡರೆ ಕೊರಿಯರ್ ಖರ್ಚು ಉಳಿಯುತ್ತದೆ.

ಗಿರೀಶ, ಶಿರಸಿ:
ಬಟ್ಟೆ ಬದಲಾಯಿಸಬೇಡಿ ಅಂತ ನಾನು ಹೇಳಿಲ್ಲ. ಮೈಗೆ ಅಂಟುವ ಲೈಕ್ರಾ ಹಾಕಿ ಊರೊಳಗೆ ಹೋಗಲು ಎಷ್ಟೋ ಜನರಿಗೆ ಮುಜುಗರ. ಒಳಗೆ ಪ್ಯಾಡ್ ಇರುವ ಲೈನರ್, ಮೇಲೆ ಸಡಿಲ ಪ್ಯಾಂಟ್. ನನ್ನ ಹೆಂಡತಿ ಹಾಗೇ ಮಾಡುತ್ತಾಳೆ. ಲೈನರ್ ಬಲೆಯಂಥ ಬಟ್ಟೆಯದು, ಚೆನ್ನಾಗಿ ಹಿಗ್ಗುತ್ತದೆ, ಬೆಲೆಯೂ ಕಮ್ಮಿ.

ಶಾಲಿನಿ, ಮೈಸೂರು:
ಲೈನರ್ ಒಳ್ಳೆ ಮಾತು, ಅದನ್ನು ಒಪ್ಪುತ್ತೇನೆ. ಆದರೆ ಹಿಗ್ಗುತ್ತದೆ ಅಂತ ಚಿಕ್ಕದನ್ನು ಕೊಂಡರೆ ಪ್ಯಾಡ್ ಜಾಗ ಬಿಟ್ಟು ಸರಿಯುತ್ತದೆ. ಹೊಸಬರಿಗೆ ಇನ್ನೂ ಕೆಲವು ಮಾತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ ಅಂತ ಹೇಳುತ್ತಿದ್ದೇನೆ. ಪ್ಯಾಡ್ ಒಳಗೆ ಒಳಚಡ್ಡಿ ಹಾಕಬೇಡಿ, ಅದರ ಹೊಲಿಗೆಯೇ ಕೊಯ್ಯುತ್ತದೆ. ತೊಡೆ ಸಂದಿಗೆ ಹೊರಡುವ ಮೊದಲೇ ವ್ಯಾಸಲೀನ್ ಹಚ್ಚಿ. ಮುಟ್ಟಿನ ದಿನ ಸೈಕ್ಲಿಂಗ್ ಪ್ಯಾಡ್ ಮೇಲೆ ಸ್ಯಾನಿಟರಿ ಪ್ಯಾಡ್ ಇಟ್ಟರೆ ಮಡಚಿಕೊಂಡು ಉಜ್ಜುತ್ತದೆ. ಮುಟ್ಟಿನ ಕಪ್ ಅಭ್ಯಾಸ ಇದ್ದವರಿಗೆ ಅದೇ ಅನುಕೂಲ. ಮನೆಗೆ ಬಂದ ಕೂಡಲೇ ಶಾರ್ಟ್ಸ್ ಬಿಚ್ಚಿ, ಒಗೆದು, ಒಳಮೈ ಹೊರಗೆ ಮಾಡಿ ಒಣಗಿಸಿ. ಬಟ್ಟೆ ಮೆತ್ತಗಾಗಲು ಹಾಕುವ ಕಂಫರ್ಟ್ ತರಹದ್ದು ಹಾಕಬೇಡಿ, ಬಟ್ಟೆ ಬೆವರು ಹೀರುವುದನ್ನು ಬಿಟ್ಟುಬಿಡುತ್ತದೆ.

ಫಿಟ್ ಲೈಫ್:
ಯಾರೂ ತಪ್ಪು ತಿಳಿಯಬೇಡಿ. ಸೈಕಲ್ ಹೊಡೆಯುತ್ತಾ ಹೋದರೆ ತೂಕ ಇಳಿಯುತ್ತದೆ, ಆಮೇಲೆ ಎಕ್ಸ್‌ಎಲ್ ತಾನಾಗಿ ಆಗುತ್ತದೆ. ಅಲ್ಲಿಯ ತನಕ ಹೇಗೋ ಅಡ್ಜಸ್ಟ್ ಮಾಡಿಕೊಳ್ಳಿ.

ಸುಮಾ, ಯಲಹಂಕ:
ಬೇಡ ಅಂತ ಮೊದಲೇ ಬರೆದಿದ್ದೆ. ಸೈಕಲ್ ಹೊಡೆಯಬೇಕಾದರೆ ಇವತ್ತಿನ ಮೈಗೆ ಇವತ್ತು ಬಟ್ಟೆ ಬೇಕು. ಗಾಯ ಮಾಡಿಕೊಂಡು ಎಷ್ಟು ದಿನ ಹೊಡೆಯಲಿ? ತೂಕ ಇಳಿಯಲಿ, ಇಳಿಯದಿರಲಿ, ಅದು ನನ್ನ ಮತ್ತು ನನ್ನ ಡಾಕ್ಟರ ವಿಷಯ. ನಾನು ಬೆಟ್ಟ ಹತ್ತುವುದು ಮೇಲಿಂದ ಕಾಣುವ ನೋಟಕ್ಕೆ, ಇಳಿಯುವಾಗಿನ ಗಾಳಿಗೆ.

ಪೀಣ್ಯ ಮಾಸ್ಟರ್:
ನಾನು ಗಾರ್ಮೆಂಟ್ಸ್‌ನಲ್ಲಿ ಪ್ಯಾಟರ್ನ್ ಮಾಸ್ಟರ್. ಸ್ಪೋರ್ಟ್ಸ್ ಬಟ್ಟೆಯಲ್ಲೇ ಕೆಲಸ. ಸುಮಾ ಮೇಡಂಗೆ ಜೆಂಟ್ಸ್ 3ಎಕ್ಸ್‌ಎಲ್ ಯಾಕೆ ಆಗಲಿಲ್ಲ ಅಂತ ಹೇಳುತ್ತೇನೆ.

ನಾವು ಮೊದಲು ಮೀಡಿಯಂಗೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಅಚ್ಚು, ತೆಗೆಯುತ್ತೇವೆ. ಉಳಿದ ಸೈಜು ಗ್ರೇಡಿಂಗ್‌ನಲ್ಲಿ ಬರುತ್ತದೆ. ಸೈಜಿಗೆ ಇಷ್ಟು ಇಂಚು ಅಂತ ಸೊಂಟ, ಹಿಪ್, ತೊಡೆ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಹಿಗ್ಗಿಸುತ್ತೇವೆ. ಒಂದೆರಡು ಸೈಜಿಗೆ ಇದು ನಡೆಯುತ್ತದೆ. ಆಮೇಲೆ ಮೈ ಆ ಲೆಕ್ಕ ಕೇಳುವುದಿಲ್ಲ. ಒಬ್ಬರಿಗೆ ಹೊಟ್ಟೆ ಬೆಳೆಯುತ್ತದೆ, ಒಬ್ಬರಿಗೆ ತೊಡೆ. ಮೇಡಂ ಸೊಂಟಕ್ಕೂ ಹಿಪ್‌ಗೂ 8 ಇಂಚು ವ್ಯತ್ಯಾಸ ಇದೆ. ಜೆಂಟ್ಸ್ ಪ್ಯಾಟರ್ನ್‌ನಲ್ಲಿ ಅಷ್ಟು ಇರುವುದಿಲ್ಲ. ಅದಕ್ಕೇ ಮೇಲೆ ಸಡಿಲ, ಕೆಳಗೆ ಬಿಗಿ. ಜೆರ್ಸಿಯಲ್ಲೂ ಅದೇ ಕಥೆ, ಭುಜ ದೊಗಲೆ, ಹಿಪ್ ಹತ್ತಿರ ಮೇಲಕ್ಕೆ ಏರಿ ಕೂರುತ್ತದೆ. ದೊಡ್ಡ ಸೈಜಿಗೆ ಬೇರೆಯೇ ಮೂಲ ಪ್ಯಾಟರ್ನ್ ತೆಗೆದು, ದಪ್ಪ ಮೈಯ ಮಾಡೆಲ್ ಕರೆಸಿ ಫಿಟ್ ನೋಡಬೇಕು. ಅದಕ್ಕೆ ಖರ್ಚು. ನಮಗೆ ಆರ್ಡರ್ ಕೊಡುವ ಬಯರ್ ಅಲ್ಲಿ ಕೈ ಬಿಡುತ್ತಾನೆ.

ಅಳತೆಯ ತೊಂದರೆಯೂ ಇದೆ. ನಮ್ಮ ಅಂಗಡಿಗಳಲ್ಲಿ ಓಡಾಡುವ ಸೈಜ್ ಪಟ್ಟಿಗಳಲ್ಲಿ ಎಷ್ಟೋ ಇಂಗ್ಲೆಂಡ್, ಅಮೆರಿಕದವು. ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ 'ಇಂಡಿಯಾ ಸೈಜ್' ಅಂತ ಆರು ನಗರಗಳಲ್ಲಿ 25,000 ಜನರನ್ನು 3ಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಯೋಜನೆ ಹಾಕಿಕೊಂಡಿದ್ದು ಅದಕ್ಕೇ.

ಆದರೆ ಒಂದು ಮಾತು. ಹೊಲಿಯಲು ನಮಗೆ ಬರುವುದಿಲ್ಲ ಅಂತಲ್ಲ. ಹೊರದೇಶದ ಆರ್ಡರ್‌ಗೆ ನಮ್ಮ ಲೈನಿನಲ್ಲಿ ಲೇಡೀಸ್ 3ಎಕ್ಸ್‌ಎಲ್ ಹೊಲಿದಿದ್ದೇವೆ. ಮಷಿನ್ ಮೇಲೆ ಕೂತವರಲ್ಲಿ ಹೆಚ್ಚಿನವರು ಹೆಂಗಸರೇ. ಇಲ್ಲಿಯ ಅಂಗಡಿಗೆ ಆ ಸೈಜು ಯಾರೂ ಕೇಳುವುದಿಲ್ಲ, ಆರ್ಡರ್ ಬರುವುದಿಲ್ಲ.

ನಾಗವೇಣಿ, ದಾವಣಗೆರೆ:
ಮಾಸ್ಟರ್, ಕೇಳುವುದಿಲ್ಲ ಅನ್ನಬೇಡಿ. ಅಂಗಡಿಗೆ ಹೋಗಿ ಇಲ್ಲ ಅನ್ನಿಸಿಕೊಂಡು ಬಂದವರನ್ನು ಯಾರು ಬರೆದಿಟ್ಟುಕೊಂಡಿದ್ದಾರೆ? ಮಾರಾಟವಾದದ್ದು ಮಾತ್ರ ಅವರ ಕಂಪ್ಯೂಟರ್‌ನಲ್ಲಿ ಇರುತ್ತದೆ. ಸೈಜು ಇಡದಿದ್ದರೆ ಮಾರಾಟ ಇಲ್ಲ, ಮಾರಾಟ ಇಲ್ಲ ಅಂತ ಸೈಜು ಇಡುವುದಿಲ್ಲ.

ಬ್ರೆವೆ ರವಿ:
ಹಾಗಾದರೆ ಟೈಲರ್ ಹತ್ತಿರ ಹೊಲಿಸಬಹುದಲ್ಲ? ಪ್ಯಾಡ್ ಬಿಡಿಯಾಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬ್ಲೌಸ್ ಅಳತೆ ಕೊಟ್ಟು ಹೊಲಿಸುವ ಊರು ನಮ್ಮದು, ಇದು ಯಾಕೆ ಆಗಬಾರದು?

ಪೀಣ್ಯ ಮಾಸ್ಟರ್:
ಆಗುತ್ತದೆ, ಟೈಲರ್ ನೋಡಿ ಕೊಡಬೇಕು. ಸಾಮಾನ್ಯ ಮಷಿನ್‌ನ ನೇರ ಹೊಲಿಗೆ ಹಾಕಿದರೆ ಲೈಕ್ರಾ ಹಿಗ್ಗಿದಾಗ ದಾರ ಪಟಪಟ ಹರಿಯುತ್ತದೆ. ಫ್ಲ್ಯಾಟ್‌ಲಾಕ್ ಮಷಿನ್ ಇದ್ದರೆ ಬಹಳ ಒಳ್ಳೆಯದು, ಹೊಲಿಗೆ ಚಪ್ಪಟೆ ಇರುತ್ತದೆ, ಉಜ್ಜುವುದಿಲ್ಲ. ಇಲ್ಲದಿದ್ದರೆ ಓವರ್‌ಲಾಕ್, ಅದೂ ಇಲ್ಲದಿದ್ದರೆ ಜಿಗ್‌ಜಾಗ್. ಸೂಜಿ ಬಾಲ್ ಪಾಯಿಂಟ್, ಅಂದರೆ ತುದಿ ದುಂಡಗಿನದು, ಇರಬೇಕು. ಬಟ್ಟೆ ಅಡ್ಡ, ಉದ್ದ ಎರಡೂ ಕಡೆ ಹಿಗ್ಗುವಂಥದ್ದು, ಹಿಗ್ಗಿಸಿದಾಗ ಒಳಗೆ ಕಾಣಬಾರದು. ಕಾಲಿನ ತುದಿಗೆ ಸಪೂರ ಎಲಾಸ್ಟಿಕ್ ಬೇಡ, ಎರಡು ಮೂರು ಇಂಚು ಅಗಲದ ಪಟ್ಟಿ ಹಾಕಿಸಿ. ಒತ್ತಡ ಹರಡಿಕೊಳ್ಳುತ್ತದೆ, ಸುರುಳಿ ಆಗುವುದಿಲ್ಲ. ಕಾಲು ಉದ್ದ ಬಿಡಿಸಿ, ಮಂಡಿಯ ಹತ್ತಿರದ ತನಕ. ತೊಡೆ ತಾಗುವ ಜಾಗವೆಲ್ಲ ಮುಚ್ಚಬೇಕು.

ಶಾಲಿನಿ, ಮೈಸೂರು:
ಮಾಸ್ಟರ್ ಮಾಹಿತಿ ಚಿನ್ನದಂಥದ್ದು. ಆದರೂ ಟೈಲರ್ ದಾರಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ತೆಳ್ಳಗಿನವರು ಅಂಗಡಿಯಲ್ಲಿ ಹಾಕಿ ನೋಡಿ ಕೊಂಡು ಹೋಗುತ್ತಾರೆ. ನಾವು ಮಾತ್ರ ಬಟ್ಟೆ, ಪ್ಯಾಡ್, ಮಷಿನ್ ಹುಡುಕುತ್ತಾ ಓಡಾಡಬೇಕಾ? ನಮ್ಮಲ್ಲಿ ಕ್ಲಬ್‌ಗಳಿವೆ. ವರ್ಷಕ್ಕೊಮ್ಮೆ ಕ್ಲಬ್ ಜೆರ್ಸಿ ಮಾಡಿಸುತ್ತಾರೆ. ಆ ಆರ್ಡರ್ ಫಾರಂನಲ್ಲಿ 'ಯೂನಿಸೆಕ್ಸ್' ಅಂತ ಬರೆದು 2ಎಕ್ಸ್‌ಎಲ್‌ಗೆ ನಿಲ್ಲಿಸುತ್ತಾರೆ. ಮೊದಲು ಅಲ್ಲಿಂದ ಬದಲಾಗಲಿ. ಲೇಡೀಸ್ ಕಟ್ 5ಎಕ್ಸ್‌ಎಲ್ ತನಕ, ಜೊತೆಗೆ ಶಾರ್ಟ್ಸ್.

ಬ್ರೆವೆ ರವಿ:
ನಮ್ಮ ಕ್ಲಬ್ ಜೆರ್ಸಿ ಆರ್ಡರ್ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಲೇಡೀಸ್ ಕಟ್ ಸೇರಿಸಲು ಅಡ್ಡಿ ಇಲ್ಲ. ಆದರೆ ದೊಡ್ಡ ಸೈಜಿಗೆ ಬಟ್ಟೆ ಜಾಸ್ತಿ ಹೋಗುತ್ತದೆ, ಸ್ವಲ್ಪ ಬೆಲೆ ಜಾಸ್ತಿ ಇಡಬೇಕಾಗುತ್ತದೆ. ನ್ಯಾಯ ಅಲ್ವಾ?

ನಾಗವೇಣಿ, ದಾವಣಗೆರೆ:
ಎಕ್ಸ್‌ಎಸ್ ಹಾಕುವವರಿಗೆ ಬೆಲೆ ಕಮ್ಮಿ ಮಾಡುತ್ತೀರಾ? ಎಕ್ಸ್‌ಎಸ್‌ಗೂ ಎಕ್ಸ್‌ಎಲ್‌ಗೂ ಇರುವ ಬಟ್ಟೆಯ ವ್ಯತ್ಯಾಸ ಎಲ್ಲರೂ ಹಂಚಿಕೊಳ್ಳುತ್ತಾರೆ. ಅದರ ಮುಂದಿನದು ಮಾತ್ರ ನಮ್ಮ ತಲೆ ಮೇಲೆ ಯಾಕೆ?

ಬ್ರೆವೆ ರವಿ:
ಕೋಪ ಬೇಡ. ಜೆರ್ಸಿಗೆ ಒಪ್ಪಿದೆ. ಶಾರ್ಟ್ಸ್‌ಗೆ ಹೊಸ ಪ್ಯಾಟರ್ನ್ ಖರ್ಚು ಬರುತ್ತದೆ ಅಂತ ಮಾಸ್ಟರೇ ಹೇಳಿದರು. ಅದನ್ನು ಯಾರು ಕೊಡಬೇಕು? ಬೆಲೆ 2,500 ದಾಟಿದರೆ ಜಿಎಸ್‌ಟಿ ಶೇಕಡಾ 5ರ ಬದಲು 18 ಆಗುತ್ತದೆ, 2025ರ ಸೆಪ್ಟೆಂಬರ್‌ನಿಂದ ಹಾಗಿದೆ.

ಪೀಣ್ಯ ಮಾಸ್ಟರ್:
ಶಾರ್ಟ್ಸ್‌ನಲ್ಲಿ ದುಬಾರಿ ವಸ್ತು ಪ್ಯಾಡ್. ಅದು ಎಲ್ಲ ಸೈಜಿಗೂ ಹೆಚ್ಚು ಕಮ್ಮಿ ಒಂದೇ ಬೆಲೆ. ಹೊಲಿಗೆ ಕೂಲಿಯೂ ಹಾಗೇ. ಪ್ಯಾಟರ್ನ್ ಖರ್ಚು ಒಂದೇ ಸಲದ್ದು. ಇಡೀ ಕ್ಲಬ್‌ನ ಆರ್ಡರ್ ಮೇಲೆ ಹಂಚಿದರೆ ಒಬ್ಬರಿಗೆ ಬರುವುದು ಸ್ವಲ್ಪವೇ. ದಪ್ಪಗಿನವರ ಮೇಲೆ ಮಾತ್ರ ಹಾಕಿದರೆ ಭಾರ, ಅವರು ಆರ್ಡರ್ ಕೊಡುವುದಿಲ್ಲ, ಆಮೇಲೆ "ಬೇಡಿಕೆ ಇಲ್ಲ" ಅನ್ನುತ್ತೀರಿ. ಪ್ಯಾಟರ್ನ್ ನಾನೇ ತೆಗೆದುಕೊಡುತ್ತೇನೆ.

ಆಸಕ್ತಿ ಇದ್ದವರು ಅಳತೆ ಹೀಗೆ ತೆಗೆಯಿರಿ. ಹಿಪ್ ಮತ್ತು ತೊಡೆ ತುಂಬಿದ ಕಡೆ, ಟೇಪ್ ಬಿಗಿ ಹಿಡಿಯದೆ. ಸೊಂಟ ನಿಂತಾಗ ಒಮ್ಮೆ, ಸೈಕಲ್ ಮೇಲೆ ಕೂತ ಹಾಗೆ ಬಗ್ಗಿ ಇನ್ನೊಮ್ಮೆ. ಜೆರ್ಸಿಗೆ ಎದೆ, ಹೊಟ್ಟೆ, ರಟ್ಟೆ. ಮೂಳೆ ಅಂತರಕ್ಕೆ ರಟ್ಟಿನ ಡಬ್ಬದ ತುಂಡನ್ನು ಗಟ್ಟಿ ಸ್ಟೂಲ್ ಮೇಲೆ ಇಟ್ಟು, ಅದರ ಮೇಲೆ ಬಗ್ಗಿ ಕೂತು ಎದ್ದೇಳಿ. ಎರಡು ಕುಳಿ ಬಿದ್ದಿರುತ್ತದೆ, ನಡುವಿನ ಅಂತರ ಮಿಲಿಮೀಟರ್‌ನಲ್ಲಿ ಬರೆಯಿರಿ.

ಸುಮಾ, ಯಲಹಂಕ:
ಮಾಸ್ಟರ್, ಬಹಳ ಉಪಕಾರ. ಅಳತೆ ನಿಮಗೆ ಮೆಸೇಜ್ ಮಾಡುತ್ತೇನೆ, ಸ್ಯಾಂಪಲ್ ಹಾಕಿ ನೋಡಲು ಪೀಣ್ಯಕ್ಕೂ ಬರುತ್ತೇನೆ. ರವಿ ಸರ್, ಆರ್ಡರ್ ಫಾರಂನಲ್ಲಿ ಎಲ್ಲ ಸೈಜಿಗೂ ಒಂದೇ ಬೆಲೆ ಬರೆಯುತ್ತೀರಾ? ಹೌದು ಅಂದರೆ ಯಲಹಂಕ, ಹೆಬ್ಬಾಳದ ಕಡೆಯ ಹೆಂಗಸರಿಗೆ ನಾನೇ ಫೋನ್ ಮಾಡುತ್ತೇನೆ.

ಬ್ರೆವೆ ರವಿ:
ಕಮಿಟಿಯಲ್ಲಿ ಇಬ್ಬರು ಒಪ್ಪುವುದು ಕಷ್ಟ. ಶನಿವಾರದ ಮೀಟಿಂಗ್‌ಗೆ ನೀವೂ ನಾಗವೇಣಿಯವರೂ ಬನ್ನಿ. ಎಕ್ಸ್‌ಎಸ್ ಮಾತನ್ನು ಅಲ್ಲಿ ಅವರ ಬಾಯಲ್ಲೇ ಹೇಳಿಸಿ.

ನಾಗವೇಣಿ, ದಾವಣಗೆರೆ:
ದಾವಣಗೆರೆಯಿಂದ ಶನಿವಾರ ಆಗುವುದಿಲ್ಲ, ಫೋನಿನಲ್ಲಿ ಸೇರಿಸಿಕೊಳ್ಳಿ. ಶಾಲಿನಿ ಅಕ್ಕನನ್ನೂ ಸೇರಿಸಿ, ಹಿಂದೆ ಬಿಚ್ಚುವ ಬಿಬ್ ವಿಷಯ ಅವರು ಹೇಳಲಿ.